ಫ್ಲೋರಿಯ ಬಾಯಿಕಟ್ಟು

ಫ್ಲೋರಿ ಮಣ್ಣಾಗಿ ಒಂದು ಮಳೆಗಾಲ ಕಳೆಯಿತು. ಸತ್ತವರ ಹೆಸರನ್ನು ಕೂಡಲೇ ಬಾಯಿಗೆ ತರುವುದು ನಮ್ಮ ಹೊಳೆಯ ಜನರಲ್ಲಿ ಇಲ್ಲ. ಅವಳು ಸಾಕಿದ ಅಕ್ಕನ ಮಗಳು ನೊರೀನ್, "ಇನ್ಮೇಲೆ ಹೆಸರು ಹೇಳಬಹುದು, ಬರೆಯೋದಾದ್ರೆ ಬರೀರಿ, ಆದ್ರೆ ಅವಳನ್ನ ದೇವತೆ ಮಾಡ್ಬೇಡಿ" ಎಂದಳು. ಆ ಭಯ ಬೇಡ. ಫ್ಲೋರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದಳು. ಸಿಕ್ಕಿಬಿದ್ದರೆ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದಳು, ಮರುಗಳಿಗೆಯೇ ಆಚೆ ದಡದ ಮರದ ಮೇಲಿದ್ದ ಹೆಬ್ಬಾವನ್ನು ತೋರಿಸುತ್ತಿದ್ದಳು.

ಅವಳು ಹುಟ್ಟಿದ್ದು ಕಬ್ಬಿನ ಗದ್ದೆ ಮುಗಿದು ದಟ್ಟ ಕಾಡು ಶುರುವಾಗುವ ಕಡೆ, ಹೊಳೆಯ ಮೇಲಿನ ಬಿಡಾರದಲ್ಲಿ. ಅಕ್ಕ ಕ್ಲಾರಿಸ್, ಆಮೇಲೆ ಫ್ಲೋರಿ, ಕೊನೆಯವನು ಆಲ್ಫಿ. ಆಲ್ಫಿ ಇನ್ನೂ ಅಕ್ಕಂದಿರ ಸೊಂಟ ಬಿಡದ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಜ್ವರ ಬಂದು ಬಿಡಾರದಲ್ಲಿ ಮಲಗಿದ್ದ. ತಾಯಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೊಳೆಗೆ ಇಳಿದಿದ್ದಳು. ಕುದುರೆಯ ಮೇಲೆ ಬಂದ ಪೊಲೀಸಿನವನು ಹುಡುಗನನ್ನು ಕಂಬಳಿ ಸಮೇತ ಎತ್ತಿಕೊಂಡು ಹೋದ. ಬಿಳಿಯರ ಸರಕಾರ ನಮ್ಮ ಮಕ್ಕಳನ್ನು ಹೆತ್ತವರಿಂದ ಕಿತ್ತು ಒಯ್ದು ಇಡುತ್ತಿದ್ದುದು ಕಡಲಾಚೆಯ ದ್ವೀಪದಲ್ಲಿ. ಅಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ಡಾರ್ಮಿಟರಿ ಇತ್ತು. ತಾಯಿ ಮತ್ತೆ ಅವನ ಮುಖ ನೋಡದೆ ಸತ್ತಳು.

ಫ್ಲೋರಿ ಬೆಳೆದು ಪಟ್ಟಣದಲ್ಲಿ ಸಕ್ಕರೆ ಕಾರ್ಖಾನೆಯ ಮ್ಯಾನೇಜರನ ಮನೆಕೆಲಸಕ್ಕೆ ಸೇರಿದಳು. ಆ ಮನೆಯ ಮುಂದಿನ ಕೈತೋಟದಲ್ಲಿ ಒಂದು ಬ್ಲ್ಯಾಕ್‌ಬೀನ್ ಮರವಿತ್ತು. ಕಾಡಿನ ಮರವೇ, ಯಾರೋ ಚಂದಕ್ಕೆಂದು ತಂದು ನೆಟ್ಟಿದ್ದರು. ಬೇಸಗೆ ಕೊನೆಗೆ ಬರಿಯ ಕೊಂಬೆಗೇ ಅಂಟಿಕೊಂಡಂತೆ ಕಿತ್ತಳೆ, ಕೆಂಪು ಹೂ ಬಿಡುತ್ತಿತ್ತು. ಅದರ ಜೇನಿಗೆ ಗಿಳಿಗಳು ಬಂದು ಕಿವಿ ಕಿತ್ತುಹೋಗುವಷ್ಟು ಗಲಾಟೆ ಮಾಡುತ್ತಿದ್ದವು. ಮನೆಯೊಡತಿ ಜಗಲಿಯಲ್ಲಿ ಕೂತು ಹೂ ನೋಡುತ್ತಿದ್ದಳು. ಫ್ಲೋರಿ ಉದುರಿದ್ದನ್ನು ಗುಡಿಸುತ್ತಿದ್ದಳು. ದೋಣಿಯಂಥ ಕಾಯಿ ಒಡೆದು, ಅಂಗೈ ತುಂಬುವ ಕಂದು ಬೀಜ ಬೀಳುವ ಕಾಲಕ್ಕೆ ಒಡತಿ ಹೊರಗೆ ಬಂದು ಹೇಳುತ್ತಿದ್ದಳು: "ಎಲ್ಲಾ ಆಯ್ದು ದೂರ ಬಿಸಾಡು ಫ್ಲೋರಿ. ವಿಷ ಅದು. ನಮ್ಮ ನಾಯಿ ತಿಂದ್ರೆ ಉಳಿಯಲ್ಲ."

ಫ್ಲೋರಿ ಒಂದೂ ಬಿಡದೆ ಆಯ್ದು, ಮಡಿಲು ತುಂಬಿಕೊಂಡು ಬಿಡಾರಕ್ಕೆ ತರುತ್ತಿದ್ದಳು.

"ನಾವು ತಿಂತೀವಿ ಅಂತ ಗೊತ್ತಾದ್ರೆ ಅಮ್ಮಾವ್ರು ನನ್ನ ತಟ್ಟೇನೇ ಬೇರೆ ಇಡ್ತಾರೆ" ಎಂದಳು ಒಮ್ಮೆ, ನಗುತ್ತಾ.

"ಈಗೇನ್ ಒಂದೇ ತಟ್ಟೇಲಿ ಉಣ್ತಿದೀಯಾ?" ಎಂದಳು ಕ್ಲಾರಿಸ್.

ಒಡತಿ ಹೇಳುತ್ತಿದ್ದುದೇನೂ ಸುಳ್ಳಲ್ಲ. ಹಸಿ ಬೀಜ ವಿಷವೇ. ಅದನ್ನು ಅನ್ನ ಮಾಡುವುದು ಹೊಳೆ. ಮೊದಲು ನೆಲದ ಕುಳಿಯಲ್ಲಿ ಕಾದ ಕಲ್ಲಿನ ಮೇಲೆ ಕಾಡುಶುಂಠಿಯ ಎಲೆ ಹಾಸಿ, ಬೀಜ ಸುರಿದು, ಮಣ್ಣು ಮುಚ್ಚಿ ಬೇಯಿಸಬೇಕು. ಆಮೇಲೆ ಬಸವನಹುಳುವಿನ ಚಿಪ್ಪಿನ ಅಂಚಿನಿಂದ ತೆಳ್ಳಗೆ ಹೆರೆಯಬೇಕು. ಹೆರೆದ ಬಿಲ್ಲೆಯಂಥ ತೆಳು ಹಲ್ಲೆಗಳನ್ನು ಬೆತ್ತದ ಬುಟ್ಟಿಗೆ ತುಂಬಿ, ಹರಿಯುವ ನೀರಿನ ಬಾಯಿಗೆ ಕಟ್ಟಿಡಬೇಕು. ಎಷ್ಟು ದಿನ ಎಂದು ಕೇಳಿದವರಿಗೆ ಅಕ್ಕತಂಗಿಯರಿಬ್ಬರೂ ಉತ್ತರ ಕೊಡುತ್ತಿರಲಿಲ್ಲ. ದಿನ ಎಣಿಸುವ ಕೆಲಸವಲ್ಲ ಅದು, ನಾಲಿಗೆಯ ಕೆಲಸ. ಕ್ಲಾರಿಸ್ ಒಂದು ಚೂರು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದಳು. ಕಹಿ ಉಳಿದಿದ್ದರೆ ಉಗಿದು, "ಇನ್ನೂ ಮಾತಾಡ್ತಿದೆ" ಎನ್ನುತ್ತಿದ್ದಳು. ಫ್ಲೋರಿಯೂ ರುಚಿ ನೋಡುತ್ತಿದ್ದಳು. ಇಬ್ಬರ ಬಾಯಲ್ಲೂ ಅದು ಸುಮ್ಮನಾದ ಮೇಲೆಯೇ ಬುಟ್ಟಿ ಮೇಲೆ ಬರುತ್ತಿದ್ದದ್ದು. ಸರಿಯಾಗಿ ಆದ ಬೀಜಕ್ಕೆ ರುಚಿಯೆಂಬುದೇ ಇಲ್ಲ. ಅದನ್ನು ನಾದಿ, ಎಲೆಯಲ್ಲಿ ಸುತ್ತಿ, ಕೆಂಡದಲ್ಲಿ ಸುಟ್ಟರೆ ರೊಟ್ಟಿ. ಮೈದಾಹಿಟ್ಟಿನ ಕಾಲ ಬಂದ ಮೇಲೆ ಯಾರಿಗೂ ಅದರ ಗರಜಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ಇಬ್ಬರೂ ಮಾಡುತ್ತಿದ್ದರು, ಬೈದಾಡಿಕೊಂಡೇ.

ಫ್ಲೋರಿಯ ಗಂಡ ಕಬ್ಬು ಕಡಿಯುವವನು. ಒಳ್ಳೆಯವನು, ಬೇಗ ಸತ್ತ. ಮಕ್ಕಳಾಗಲಿಲ್ಲ. ಕ್ಲಾರಿಸಳ ಮಗಳು ನೊರೀನ್ ಇಬ್ಬರ ಮನೆಯಲ್ಲೂ ಬೆಳೆದಳು.

ಆಮೇಲೆ ಕ್ಲಾರಿಸ್ ಸತ್ತಳು. ಬಟ್ಟೆ ಒಗೆಯುತ್ತಿದ್ದವಳು ಹಾಗೆಯೇ ಕಲ್ಲಿನ ಮೇಲೆ ತಲೆಯಿಟ್ಟಳು. ಹೊಳೆ ಸೊರಗುವ ಕಾಲ, ಕಾಡಿನಲ್ಲಿ ಆ ಮರಗಳು ಹೂ ಬಿಡತೊಡಗಿದ್ದವು.

ಅವರ ತಾಯಿ ಹಾಕಿಕೊಟ್ಟ ಒಂದು ನಿಯಮವಿತ್ತು. ಒಡಹುಟ್ಟಿದವರೋ ಹೆತ್ತವರೋ ಸತ್ತರೆ, ಸತ್ತವರ ಕೈ ಪಳಗಿದ್ದ ಅಡುಗೆಯನ್ನು ಉಳಿದವರು ಬಾಯಿಗೆ ಇಡಬಾರದು. ಮಾಡಬಹುದು, ಬಡಿಸಬಹುದು, ನಾಲಿಗೆಗೆ ಮಾತ್ರ ತಾಗಿಸಬಾರದು. ಹಿರಿಯರು ಹಸಿ ಎಲೆಯ ಹೊಗೆ ಹಾಕಿ, ಇನ್ನು ತಿನ್ನು ಎನ್ನುವವರೆಗೆ ಈ ಬಾಯಿಕಟ್ಟು. ಫ್ಲೋರಿ ಚರ್ಚಿಗೂ ಹೋಗುತ್ತಿದ್ದಳು, ವೈದ್ಯರ ಗುಳಿಗೆಯನ್ನೂ ನುಂಗುತ್ತಿದ್ದಳು. ಆದರೆ ತಾಯಿಯ ನಿಯಮವೊಂದನ್ನು ಮುರಿದವಳಲ್ಲ.

ಅಕ್ಕನ ಮಣ್ಣಿಗೆ ಎಂದು ಆಲ್ಫಿ ದ್ವೀಪದಿಂದ ಬಂದ. ತಲೆ ಪೂರ್ತಿ ನರೆತಿತ್ತು. ಕಾಲು ಊದಿಕೊಂಡು ಚಪ್ಪಲಿಗೆ ಹಿಡಿಯುತ್ತಿರಲಿಲ್ಲ. ಮೂತ್ರಪಿಂಡ ಕೆಟ್ಟಿದೆ, ಹೋಗಬೇಡಿ ಎಂದು ಹೆಂಡತಿ ಡೆಲ್ಮಾ ಹೇಳಿದ್ದಳಂತೆ. ಅವಳು ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಬರುವಂತಿರಲಿಲ್ಲ. ಶಾಸ್ತ್ರಕ್ಕೆ ಎಲ್ಲ ಕಡೆಯ ನೆಂಟರೂ ಸೇರಬೇಕಿತ್ತು, ಹೆಣ ಪಟ್ಟಣದ ಶವಾಗಾರದಲ್ಲಿ ಕಾಯುತ್ತಿತ್ತು. ಆಲ್ಫಿ ಫ್ಲೋರಿಯ ಮನೆಯ ಮೆಟ್ಟಿಲಲ್ಲಿ ಕೂತು ಕಾಡು ನೋಡುತ್ತಿದ್ದ.

"ಏನ್ ಮಾಡ್ಲೋ ನಿಂಗೆ ಊಟಕ್ಕೆ? ಉಪ್ಪು ತಿನ್ನಂಗಿಲ್ಲ, ಮಾಂಸ ತಿನ್ನಂಗಿಲ್ಲ. ಗಾಳಿ ಹುರಿದು ಕೊಡ್ಲಾ?" ಎಂದಳು ಫ್ಲೋರಿ.

"ಅಮ್ಮ ಮಾಡ್ತಿದ್ಳಲ್ಲ ಅಕ್ಕ, ಬೀಜದ ರೊಟ್ಟಿ. ಅದನ್ನ ಮಾಡಿಕೊಡು."

ಅವಳು ಬಂದು ಅವನ ಪಕ್ಕದ ಮೆಟ್ಟಿಲಲ್ಲಿ ಕೂತಳು.

"ದ್ವೀಪದಲ್ಲಿ ಆ ಮರ ಇದೆ ಕಣೆ" ಎಂದ ಅವನು. "ಆಫೀಸಿನ ಮುಂದೆ ಚಂದಕ್ಕೆ ಹಾಕಿದಾರೆ. ಕೆಳಗೆ ಬೀಜ ಬಿದ್ದಿರ್ತಾವೆ. ಎಷ್ಟು ಸಲ ಕೈಲಿ ಹಿಡ್ಕೊಂಡು ಕೂತಿದೀನಿ. ಏನ್ ಮಾಡ್ಬೇಕು ಅಂತಾನೇ ಗೊತ್ತಿಲ್ಲ. ನನ್ನ ಮಕ್ಕಳು ಗೋಲಿ ಆಡ್ತಾರೆ."

ಈ ಮಾತು ಕೇಳಿದ ಮೇಲೆ ಫ್ಲೋರಿಗೆ ಬೇರೆ ಏನೂ ಬೇಕಾಗಲಿಲ್ಲ. ತಮ್ಮನಿಗೆ ತಾಯಿಯ ಅಡುಗೆ ಒಂದು ಸಲ ಉಣ್ಣಿಸಬೇಕು. ಅವನು ತಿರುಗಿ ಬರುವ ದೇಹಸ್ಥಿತಿಯಲ್ಲಿಲ್ಲ ಎಂಬುದು ಅವನ ಕಾಲು ನೋಡಿದರೆ ತಿಳಿಯುತ್ತಿತ್ತು. ಅಕ್ಕನ ಜೊತೆ ಆಯ್ದಿಟ್ಟಿದ್ದ ಬೀಜಗಳಿದ್ದವು. ಕುಳಿ ತೋಡಿದಳು, ಬೇಯಿಸಿದಳು, ಹೆರೆದಳು. ಬುಟ್ಟಿಯನ್ನು ಯಾವಾಗಲೂ ಕಟ್ಟುತ್ತಿದ್ದ ಜಾಗದಲ್ಲೇ, ಎರಡು ಬಂಡೆಗಳ ನಡುವೆ ನೀರು ನುಗ್ಗುವಲ್ಲಿ ಕಟ್ಟಿದಳು. ದಿನಾ ಬೆಳಗಾಗುತ್ತಲೇ ಹೋಗಿ ನೋಡುತ್ತಿದ್ದಳು. ನೀರು ತೆಳ್ಳಗಿತ್ತು, ಆದರೆ ಹರಿಯುತ್ತಿತ್ತು. ಪಕ್ಕದ ಗುಂಡಿಯಲ್ಲಿ ಸಣ್ಣ ಮೀನುಗಳು ಸತ್ತು ತೇಲುತ್ತಿದ್ದವು. ಬಿಸಿಲಿಗೆ ಇರಬೇಕು ಎಂದುಕೊಂಡಳು.

ಮೇಲೆ ಹೊಸದಾಗಿ ಬಾಳೆತೋಟ ಮಾಡಿದವನೊಬ್ಬ ಹೊಳೆಗೆ ಪಂಪು ಇಳಿಸಿದ್ದ. ಕತ್ತಲಾದ ಮೇಲೆ ಓಡಿಸುತ್ತಿದ್ದ, ಬೆಳಗಿನ ಹೊತ್ತಿಗೆ ನಿಲ್ಲಿಸುತ್ತಿದ್ದ. ಅಷ್ಟು ಹೊತ್ತೂ ಕೆಳಗೆ ಹೊಳೆ ನಿಂತು, ಬುಟ್ಟಿ ತನ್ನದೇ ಕಹಿಯ ನೀರಿನಲ್ಲಿ ಕೂತಿರುತ್ತಿತ್ತು. ಇದು ಫ್ಲೋರಿಗೆ ತಿಳಿದದ್ದು ಆಮೇಲೆ. ಹೊಳೆ ನಿಲ್ಲಬಹುದು ಎಂಬ ಯೋಚನೆಯೇ ನಮ್ಮವರಿಗೆ ಬರುವಂಥದ್ದಲ್ಲ. ಅದು ಉಕ್ಕುತ್ತದೆ, ಸೊರಗುತ್ತದೆ. ನಿಲ್ಲುವುದನ್ನು ಯಾರೂ ಕಂಡಿರಲಿಲ್ಲ.

ಬುಟ್ಟಿ ಮೇಲೆ ತರುವ ದಿನ ಬಂತು ಎಂದು ಅವಳಿಗೆ ಅನ್ನಿಸಿತು. ಹಲ್ಲೆಯ ಬಣ್ಣ ಸರಿಯಿತ್ತು, ಬೆರಳಿಗೆ ಮೆದುವಾಗಿತ್ತು. ಆದರೆ ನಾಲಿಗೆ ಯಾರದು? ತನ್ನ ಬಾಯಿ ಕಟ್ಟಿತ್ತು. ಸತ್ತವಳ ಮಗಳಾದ ನೊರೀನಳ ಬಾಯಿಯೂ ಕಟ್ಟಿತ್ತು. ಇದರ ರುಚಿ ಬಲ್ಲ ಇನ್ನೊಬ್ಬನೆಂದರೆ ಹಿರಿಯ ಬಾರ್ನಿ ಮಾವ. ಆತ ಕರಾವಳಿಯ ಮಗಳ ಮನೆಯಲ್ಲಿದ್ದ, ಮಣ್ಣಿನ ಹೊತ್ತಿಗೆ ಬರುವವನಿದ್ದ.

"ಬಾರ್ನಿ ಮಾವ ಬರ್ಲಿ ಚಿಕ್ಕಮ್ಮ, ಅಲ್ಲೀವರೆಗೂ ನೀರಲ್ಲೇ ಇರ್ಲಿ" ಎಂದಳು ನೊರೀನ್.

ಅಷ್ಟರಲ್ಲಿ ಆಲ್ಫಿ ದಡಕ್ಕೆ ಇಳಿದು ಬಂದಿದ್ದ, ಎರಡೂ ಕೈಯಲ್ಲಿ ದಡದ ಮರಗಳ ಬೇರು ಹಿಡಿದುಕೊಂಡು. "ಏನದು ಗುಸುಗುಸು? ಕೊಡಿ ಇಲ್ಲಿ, ನಾನು ನೋಡ್ತೀನಿ."

"ನಿಂಗೂ ಬಾಯಿಕಟ್ಟು ಕಣೋ. ಹೋದವಳು ನಿಂಗೂ ಅಕ್ಕ."

"ನಂಗ್ಯಾವ ಬಾಯಿಕಟ್ಟು?" ಎಂದ ಆಲ್ಫಿ. ದನಿಯಲ್ಲಿ ಜಗಳವಿರಲಿಲ್ಲ. "ಯಾರಾದ್ರೂ ಕಲಿಸಿದ್ರಾ ನಂಗೆ? ಡಾರ್ಮಿಟರೀಲಿ ಇದ್ದಿದ್ದು ಒಂದೇ ನಿಯಮ, ಹಾಕಿದ್ದನ್ನ ತಿನ್ನು, ಇಲ್ಲಾಂದ್ರೆ ಉಪವಾಸ ಬೀಳು. ನಿಯಮ ತಪ್ಪಿದ್ರೆ ಅಮ್ಮ ಬಂದು ಬೈತಾಳೇನು? ಬರ್ಲಿ. ಅವಳನ್ನ ನೋಡಿ ಎಷ್ಟು ವರ್ಷ ಆಯ್ತು."

ನಿಯಮ ಅವನ ಕೈಗೆ ಬರುವ ಮೊದಲೇ ಅವನನ್ನು ಒಯ್ದಿದ್ದರು, ಆಮೇಲೆ ಅದನ್ನು ಅವನ ಮೇಲೆ ಹೇರುವುದು ಹೇಗೆ? ಅವಳು ಒಂದು ಹಲ್ಲೆ ತೆಗೆದು ಕೊಟ್ಟಳು.

ಆಲ್ಫಿ ಅದನ್ನು ನಾಲಿಗೆಯ ಮೇಲಿಟ್ಟು ಬಾಯಿ ಮುಚ್ಚಿದ. ಮುಖ ಕಿವುಚಲಿಲ್ಲ. ನಿಧಾನವಾಗಿ ಅಗಿದ. ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಬಂತು.

"ಇದೇ" ಎಂದ. "ಇದೇ ಕಣೆ ಅಕ್ಕ. ಒಂದು ಚೂರೂ ಮರೆತಿಲ್ಲ ನಾನು."

"ಸರಿ ಇದೆಯಾ?"

"ಸರಿ ಅಂದ್ರೆ? ಅಮ್ಮಂದೇ ಇದು."

ಫ್ಲೋರಿ ಅವನ ಮುಖ ನೋಡಿದಳು. ಅಷ್ಟು ತೃಪ್ತಿಯಾದ ಮುಖವನ್ನು ಅವಳು ಆ ವಾರದಲ್ಲಿ ಕಂಡಿರಲಿಲ್ಲ. ಸುಮ್ಮನಾಗಿದೆಯಾ, ಮಾತಾಡುತ್ತಿದೆಯಾ ಎಂದು ಅವಳು ಕೇಳಲಿಲ್ಲ. ಅದು ಅಕ್ಕತಂಗಿಯರ ನಡುವಿನ ಮಾತು, ಕೇಳಿದ್ದರೂ ಅವನಿಗೆ ಅರ್ಥವಾಗುತ್ತಿರಲಿಲ್ಲ. ಅವನೊಬ್ಬನಿಗೆ ಆಗುವಷ್ಟು ತೆಗೆದು, ಉಳಿದದ್ದನ್ನು ಮಣ್ಣಿಗೆ ಬರುವವರಿಗಾಗಿ ನೀರಲ್ಲೇ ಬಿಟ್ಟಳು. ರೊಟ್ಟಿ ಸುಟ್ಟಳು. ಆಲ್ಫಿ ಮೆಟ್ಟಿಲ ಮೇಲೆ ಕೂತು, ಎಲೆಗೆ ಅಂಟಿದ್ದನ್ನೂ ಕೆರೆದು ತಿಂದ.

ಸಂಜೆಯಾಗುವ ಮೊದಲೇ ವಾಂತಿ ಶುರುವಾಯಿತು.

ಪಟ್ಟಣದ ಆಸ್ಪತ್ರೆಗೆ ಒಯ್ದರು. ನೊರೀನ್ ಬೀಜದ ವಿಷಯವನ್ನು ವೈದ್ಯನಿಗೆ ಮುಚ್ಚುಮರೆಯಿಲ್ಲದೆ ಹೇಳಿದಳು. ವೈದ್ಯ ಬರೆದುಕೊಂಡ. ಒಂದೆರಡು ದಿನ ಆಲ್ಫಿ ಸುಧಾರಿಸಿದಂತೆ ಕಂಡ. ದಾದಿಯನ್ನು ಕೇಳಿಕೊಂಡು ಡೆಲ್ಮಾಗೆ ಫೋನ್ ಮಾಡಿಸಿಕೊಂಡ. ಆಮೇಲೆ ಮೂತ್ರ ನಿಂತಿತು. ಕ್ಲಾರಿಸಳನ್ನು ಮಣ್ಣಿಗೆ ಇಳಿಸಿದ ದಿನ ಅವನಿಗೆ ಎಚ್ಚರವಿರಲಿಲ್ಲ, ಅದರ ಮಾರನೆಯ ದಿನ ಅವನೂ ಹೋದ.

"ಮೂತ್ರಪಿಂಡ ಮೊದಲೇ ಹೋಗಿತ್ತು" ಎಂದ ವೈದ್ಯ. "ಪ್ರಯಾಣ, ಬಿಸಿಲು, ದುಃಖ. ಯಾವುದರಿಂದ ಅಂತ ಹೇಳೋಕಾಗಲ್ಲ ಅಮ್ಮ."

"ಬೀಜದಿಂದ ಇರಬಹುದಾ?"

"ಇರಬಹುದು. ಇಲ್ಲದೇನೂ ಇರಬಹುದು."

ಫ್ಲೋರಿ ಮನೆಗೆ ಬಂದವಳು ನೇರ ಹೊಳೆಗೆ ಹೋದಳು. ಬುಟ್ಟಿ ಇನ್ನೂ ಕಟ್ಟಿದಲ್ಲೇ ಇತ್ತು. ಯಾರೂ ಮುಟ್ಟಿರಲಿಲ್ಲ. ಆದರೆ ಅದನ್ನು ನೋಡಿ ಪ್ರಯೋಜನವಿರಲಿಲ್ಲ. ಅಷ್ಟು ದಿನ ಮತ್ತೆ ನೆನೆದಿದ್ದು ಅವನು ತಿಂದದ್ದರ ಸಾಕ್ಷಿಯಾಗುವುದಿಲ್ಲ. ಒಲೆಯ ಬಳಿ ಮಣೆಯ ಮೇಲೆ, ಅವತ್ತು ನಾದಲು ತೆಗೆದು ಮಿಕ್ಕಿದ ನಾಲ್ಕಾರು ಹಲ್ಲೆ ಒಣಗಿ ಸುರುಟಿಕೊಂಡಿದ್ದವು. ಅವು ಅವತ್ತಿನವು.

ಬಾಯಿಗೆ ಇಟ್ಟರೆ ಆ ಕ್ಷಣವೇ ತಿಳಿಯುತ್ತಿತ್ತು. ಅಕ್ಕನ ಬಾಯಿಕಟ್ಟು ಮುರಿಯಬೇಕಿತ್ತು, ಅಷ್ಟೇ.

"ಬಿಸಾಡು ಚಿಕ್ಕಮ್ಮ" ಎಂದಳು ನೊರೀನ್. "ಗೊತ್ತಾಗಿ ಏನಾಗ್ಬೇಕು? ವೈದ್ಯನೇ ಹೇಳಿದ್ನಲ್ಲ, ಇಲ್ಲದೇನೂ ಇರಬಹುದು ಅಂತ. ಅದನ್ನೇ ಇಟ್ಕೋ."

"ಅವನು ಎರಡೂ ಹೇಳಿದ ಕಣೆ. ಒಂದನ್ನ ಮಾತ್ರ ಹೆಂಗೆ ಇಟ್ಕೊಳ್ಳಿ?"

ಹಲ್ಲೆಗಳನ್ನು ಹಾಲುಪುಡಿಯ ಡಬ್ಬಕ್ಕೆ ಹಾಕಿ ಅಟ್ಟದ ಮೇಲಿಟ್ಟಳು. ಕಟ್ಟು ಬಿಡುವ ಮೊದಲೇ ಮನೆಯಲ್ಲಿ ಇನ್ನೊಂದು ಸಾವಾದರೆ ಎಣಿಕೆ ಮೊದಲಿನಿಂದ; ಆಲ್ಫಿ ಸತ್ತದ್ದರಿಂದ ಬಾಯಿಕಟ್ಟು ಹೊಸದಾಗಿ ಶುರುವಾಯಿತು. ಆ ಅವಧಿಯೆಲ್ಲ ಅವಳು ಜನರ ನಡುವೆಯೇ ಇದ್ದಳು. ಚರ್ಚಿಗೆ ಹೋದಳು, ಇಸ್ಪೀಟಾಡಿದಳು, ಮೋಸ ಮಾಡುವುದನ್ನು ಮಾತ್ರ ಬಿಟ್ಟಳು. ಅವಳು ನ್ಯಾಯವಾಗಿ ಆಡುವುದನ್ನು ಕಂಡು ಜೊತೆಯವರಿಗೆ ಹೆದರಿಕೆಯಾಗುತ್ತಿತ್ತು. ಬಿಡಾರದಲ್ಲಿ ಕೆಲವರು ಅವಳ ಮನೆಯ ಚಹಾ ಬೇಡ ಎನ್ನತೊಡಗಿದರು. "ಹೊಟ್ಟೆ ತುಂಬಿದೆ" ಎನ್ನುತ್ತಿದ್ದರು, ಕಪ್ಪಿನ ಕಡೆ ನೋಡದೆ. ಪಂಪಿನ ಸುದ್ದಿ ಆಗಲೇ ತಿಳಿದದ್ದು. ತೋಟದ ಆಳೊಬ್ಬ ಮಾತಿಗೆ ಮಾತು ಬಂದು ಹೇಳಿದ. ಫ್ಲೋರಿ ತೋಟದ ಬೇಲಿಯವರೆಗೆ ನಡೆದು ಹೋದಳು.

"ಹೊಳೆ ನಿಲ್ಲಿಸಿದ್ರಲ್ಲ, ಒಂದು ಮಾತು ಹೇಳಬಾರದಿತ್ತಾ?" ಎಂದಳು ತೋಟದವನಿಗೆ.

"ಯಾರಿಗೆ ಹೇಳ್ಬೇಕಿತ್ತಜ್ಜಿ? ಕೆಳಗೆ ಯಾರ ತೋಟಾನೂ ಇಲ್ವಲ್ಲ" ಎಂದ ಅವನು. ನಿಜಕ್ಕೂ ಅರ್ಥವಾಗದೆ ಕೇಳಿದ್ದ. ಅವಳು ಹೇಳಲು ಹೋಗಲಿಲ್ಲ, ತಿರುಗಿ ಬಂದಳು.

ಮುಂದಿನ ಬೇಸಗೆ ದಾಟಿದ ಮೇಲೆ ಬಾರ್ನಿ ಮಾವ ಬಂದು ಹಸಿ ಎಲೆ ಸುಟ್ಟ. ಫ್ಲೋರಿ, ನೊರೀನ್ ಇಬ್ಬರೂ ಹೊಗೆಯಲ್ಲಿ ನಿಂತರು. "ಸಾಕು. ಇನ್ನು ತಿನ್ನಿ" ಎಂದ ಮುದುಕ. ಕೆಮ್ಮು ನಿಲ್ಲುವ ಮೊದಲೇ ಫ್ಲೋರಿ ಒಳಗೆ ಹೋಗಿ ಡಬ್ಬ ತಂದಳು. ಒಂದು ಹಲ್ಲೆಯನ್ನು ನೀರಿನಲ್ಲಿ ಅದ್ದಿ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ನೊರೀನ್ ಅವಳ ತುಟಿಯನ್ನೇ ನೋಡುತ್ತಿದ್ದಳು.

ಫ್ಲೋರಿ ಉಗಿದಳು.

"ಇನ್ನೂ ಮಾತಾಡ್ತಿದೆ" ಎಂದಳು.

ಬಾರ್ನಿ ಮಾವ ತಾನೂ ಒಂದು ಚೂರು ನೋಡಿ ಉಗಿದ. "ತಪ್ಪು ಹೊಳೇದು" ಎಂದ. ಬಾಯಿ ಮುಕ್ಕಳಿಸಿಕೊಂಡು, "ಡೆಲ್ಮಾಗೆ ಹೇಳೋ ಅಗತ್ಯ ಇಲ್ಲಮ್ಮ" ಎಂದ.

"ಬೇರೆ ಯಾರಿಗೆ ಹೇಳ್ಬೇಕು ಮಾವ?" ಎಂದಳು ಫ್ಲೋರಿ.

ಅವಳು ಅಲ್ಲಿಯವರೆಗೆ ಕಡಲು ದಾಟಿದವಳಲ್ಲ. ತಮ್ಮನನ್ನು ಒಯ್ದ ದ್ವೀಪ ಎಂಬ ಕಾರಣಕ್ಕೆ ಅದರ ದಿಕ್ಕಿಗೆ ಮುಖ ಮಾಡಿ ಕೂರುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗಿ, ಹಡಗು ಹತ್ತಿ, ವಾಂತಿ ಮಾಡಿಕೊಂಡು ಇಳಿದಳು. ಡೆಲ್ಮಾ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿದಳು. ಅಗಲ ಮುಖದ, ನಿಧಾನದ ಹೆಂಗಸು, ದ್ವೀಪದಲ್ಲೇ ಹುಟ್ಟಿದವಳು. ಕಿಟಕಿಯಾಚೆ ಕಡಲು ಕಾಣುತ್ತಿತ್ತು.

ಫ್ಲೋರಿ ಸುತ್ತುಬಳಸಲಿಲ್ಲ. "ನಾನು ಮಾಡಿಕೊಟ್ಟ ಬೀಜ ಆಗಿರ್ಲಿಲ್ಲ ಡೆಲ್ಮಾ. ಕಹಿ ಇತ್ತು. ಈಗ ರುಚಿ ನೋಡಿದೆ. ಅವನು ಹೋಗಿದ್ದು ಅದರಿಂದ."

ಡೆಲ್ಮಾ ಕೈಯಲ್ಲಿದ್ದ ಮೀನನ್ನು ಉಜ್ಜುತ್ತಲೇ ಇದ್ದಳು. "ಆಸ್ಪತ್ರೆಯಿಂದ ಅವರೇ ಫೋನ್ ಮಾಡಿದ್ರು ನಂಗೆ" ಎಂದಳು. "ಅಮ್ಮನ ರುಚಿ ಸಿಕ್ತು ಅಂದ್ರು. ಹೆಂಗಿತ್ತು ಅಂತ ಕೇಳಿದೆ. ಕಹಿ ಅಂದ್ರು. ಬಾಯೆಲ್ಲ ಉರಿಯೋ ಕಹಿ, ಹಂಗೇ ಇತ್ತು ಅಂದ್ರು. ನಾನು ನಕ್ಕೆ, ಅಂಥದ್ದನ್ನ ಯಾಕ್ರೀ ಅಷ್ಟು ಹಂಬಲಿಸಿದ್ರಿ ಅಂತ."

ಆಗ ಫ್ಲೋರಿಗೆ ನೆನಪಾಯಿತು. ಆಲ್ಫಿ ಸಣ್ಣವನಿದ್ದಾಗ ಒಮ್ಮೆ ನೀರಿನಲ್ಲಿದ್ದ ಬುಟ್ಟಿಗೆ ಕೈ ಹಾಕಿ ಹಿಡಿ ತುಂಬ ಬಾಯಿಗೆ ತುರುಕಿಕೊಂಡಿದ್ದ. ತಾಯಿ ಬೆರಳು ಹಾಕಿ ಎಲ್ಲ ಹೊರಗೆ ತೆಗೆದು, ಬೆನ್ನಿಗೆ ಹೊಡೆದು, ಆಮೇಲೆ ಎದೆಗವಚಿಕೊಂಡು ಬಹಳ ಹೊತ್ತು ಕೂತಿದ್ದಳು. ಅವನನ್ನು ಒಯ್ದದ್ದು ಅದಾದ ಸ್ವಲ್ಪ ದಿನಕ್ಕೆ. ರುಚಿಯಿಲ್ಲದ ರೊಟ್ಟಿ ಅವನ ನೆನಪಿನಲ್ಲಿ ಉಳಿದಿರಲೇ ಇಲ್ಲ. ಉಳಿದದ್ದು ಆ ಕಹಿ.

ಅದನ್ನೂ ಡೆಲ್ಮಾಗೆ ಹೇಳಿದಳು.

"ಇದನ್ನೆಲ್ಲ ಹೇಳೋಕೆ ಕಡಲು ದಾಟಿ ಬಂದ್ರಾ ಅತ್ತಿಗೆ?" ಎಂದಳು ಡೆಲ್ಮಾ. ಚಾಕು ಕೆಳಗಿಟ್ಟಳು. "ಕಾಯಿಲೆ ಕರ್ಕೊಂಡು ಹೋಯ್ತು ಅಂತ ಮಕ್ಕಳಿಗೆ ಹೇಳಿದೀನಿ. ನಾನೂ ಹಂಗೇ ಅನ್ಕೊಂಡು ಮಲಗ್ತಿದ್ದೆ. ಇವತ್ತು ನಿಮ್ಮೆದೆ ಹಗುರಾಯ್ತು. ನಂದು?"

"ನಂದೂ ಹಗುರಾಗಿಲ್ಲ."

"ಹಂಗಾದ್ರೆ ಮತ್ಯಾಕೆ ಬಂದ್ರಿ?"

ಫ್ಲೋರಿ ಚೀಲ ಎತ್ತಿಕೊಂಡಳು. ಹೋಗುತ್ತೇನೆ ಎಂದು ಎದ್ದಳು. ಆದರೆ ಹಡಗು ಮಧ್ಯಾಹ್ನದ ಮೇಲೆಯೇ ಇದ್ದದ್ದು, ಅದು ಇಬ್ಬರಿಗೂ ಗೊತ್ತಿತ್ತು. ಹೊರಗೆ ಬಿಸಿಲು ಸುಡುತ್ತಿತ್ತು. ಅವಳು ಮತ್ತೆ ಕೂತಳು. ಡೆಲ್ಮಾ ಮೀನು ಹುರಿದಳು, ಅನ್ನ ಬಸಿದಳು. ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಯಾರು ಬಂದದ್ದು ಎಂದು ಕೂಗಿ ಕೇಳಿದಾಗ, "ಯಾರೂ ಇಲ್ಲಮ್ಮ" ಎಂದಳು.

ತಟ್ಟೆಯನ್ನು ತಂದು ಫ್ಲೋರಿಯ ಮುಂದೆ ಇಡುವ ಮೊದಲು ಡೆಲ್ಮಾ ನಿಂತಲ್ಲೇ ಅದರಿಂದ ಒಂದು ಚೂರು ಮುರಿದು ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದು ನುಂಗಿದಳು.

"ತಿನ್ನಿ" ಎಂದಳು. "ನಾನು ರುಚಿ ನೋಡಿದೀನಿ."

ಫ್ಲೋರಿ ತಲೆ ಎತ್ತದೆ ತಿಂದಳು. ತಟ್ಟೆಯಲ್ಲಿ ಏನನ್ನೂ ಬಿಡಲಿಲ್ಲ.